ಹೊಸ ಭೇಜಾದ ಹತ್ತೊಂಬತ್ತು ನಿಮಿಷ

ಕಂಪ್ಯೂಟರಿನ ಹೊಸ ಪ್ರೊಸೆಸರು ಹೈದರಾಬಾದಿನಿಂದ ಬಂದಿಳಿದಾಗ ಅದನ್ನು ಕೇಳಿ ಕೇಳಿ ತರಿಸಿದ ಮನುಷ್ಯನೇ ಇರಲಿಲ್ಲ. ಪ್ರಾಣೇಶ ಸತ್ತು ಮೂರು ತಿಂಗಳಾಗಿತ್ತು. ಎರಡು ವರ್ಷ ಅವನು ಅರ್ಜಿ ಬರೆದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಬತ್ತಾರರ ದಸರೆಯಲ್ಲಿ ಅವನು ಎದೆ ಹಿಡಿದುಕೊಂಡು ಕುಸಿದ. ಎಂಬತ್ತೇಳರ ಸಂಕ್ರಾಂತಿಯ ಮರುದಿನ ಶಾಲೆಯ ಮಕ್ಕಳ ಪಾಟಿಯಷ್ಟು ಅಗಲದ ಒಂದು ಹಸಿರು ಕಾರ್ಡು ರಟ್ಟಿನ ಪೆಟ್ಟಿಗೆಯಲ್ಲಿ ಕೂತು ತಾನಾಗಿ ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಮಾತನ್ನು ಹಿರಿಯರು ಸುಮ್ಮನೆ ಹೇಳಿಲ್ಲ.

ಕಾರ್ಖಾನೆ ಇದ್ದದ್ದು ಚಿತ್ತಾಪುರಕ್ಕೂ ವಾಡಿಗೂ ನಡುವೆ. ದೊಡ್ಡ ಹೆಸರಿನದಲ್ಲ, ಒಂದೇ ಭಟ್ಟಿಯ ಸಣ್ಣ ಸಿಮೆಂಟ್ ಕಾರ್ಖಾನೆ. ಅದರ ಪ್ರಯೋಗಶಾಲೆಯ ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಧೂಳಿನ ಸಲುವಾಗಿ ಎಂದು ಸಾಹೇಬರು ಹೇಳಿದ್ದರು, ದೇವರ ಸಲುವಾಗಿ ಎಂದು ಕೂಲಿಗಳು ತಿಳಿದಿದ್ದರು. ಹೇಗೂ ಚಪ್ಪಲಿಗಳಂತೂ ಹೊರಗೇ ಉಳಿದವು. ಸುಣ್ಣದ ಕಲ್ಲಿಗೆ ಎಷ್ಟು ಜೇಡಿಮಣ್ಣು, ಎಷ್ಟು ಕೆಂಪುಕಲ್ಲು ಬೆರೆಸಬೇಕೆಂದು ಲೆಕ್ಕ ಹಾಕಿ ಹೇಳುವುದು ಆ ಯಂತ್ರದ ಕೆಲಸ. ಎಂಟು ಮಾದರಿಗಳ ಅಂಕಿ ಒತ್ತಿದರೆ ನಲವತ್ತು ಸಾಲು ಉತ್ತರ ಪರದೆಯ ಮೇಲೆ ಒಂದೊಂದಾಗಿ ಬರುತ್ತಿತ್ತು. ಕಾಗದದ ಮೇಲೆ ಅಚ್ಚು ಹಾಕುವ ಯಂತ್ರ ತರಿಸುವ ಮಾತು ಪ್ರತಿ ವರ್ಷ ಮುಂದಿನ ವರ್ಷಕ್ಕೆ ಹೋಗುತ್ತಿದ್ದರಿಂದ, ಆ ಸಾಲುಗಳನ್ನು ಯಾರಾದರೂ ಕೂತು ಕೈಯಿಂದ ಬರೆದುಕೊಂಡು ಗಿರಣಿಗೆ ಒಯ್ದು ಮುಟ್ಟಿಸಬೇಕಿತ್ತು. ಈ ಯಾರಾದರೂ ಎಂಬುವನೇ ಮಶಾಕಸಾಬ.

ಮಶಾಕಸಾಬ ಕಾರ್ಖಾನೆಯ ಮೀಟರು, ತಂತಿ, ಗಡಿಯಾರ ಎಲ್ಲವನ್ನೂ ನೋಡಿಕೊಳ್ಳುವ ಮೆಕ್ಯಾನಿಕ್. ಶಹಾಬಾದದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಕೈಯ ಹಿಕಮತ್ತಿನಿಂದ ನೌಕರಿ ಹಿಡಿದವನು. ಕೆಟ್ಟ ವಸ್ತು ಯಾವುದೇ ಇರಲಿ, ಅದರ ಮುಂದೆ ಅರ್ಧ ಗಂಟೆ ಕೂತರೆ ಅದು ತನ್ನ ಕಷ್ಟಸುಖ ಅವನಿಗೆ ಹೇಳಿಕೊಳ್ಳುತ್ತಿತ್ತು. ಆದರೆ ಓದು ಮಾತ್ರ ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಪರದೆಯ ಮೇಲಿನ ಅಂಕಿಯನ್ನು ಮೊದಲು ತುಟಿಯಲ್ಲಿ ಆಡಿಕೊಂಡು, ತನ್ನ ಜೇಬಿನ ಪುಸ್ತಕದಲ್ಲಿ ಉರ್ದು ಅಂಕಿಯಲ್ಲಿ ಬರೆದು, ಆಮೇಲೆ ಅದನ್ನು ರಿಜಿಸ್ಟರಿಗೆ ಇಂಗ್ಲಿಷ್ ಅಂಕಿಯಲ್ಲಿ ಏರಿಸಬೇಕಾಗುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅವನಿಗೆ ನಾಚಿಕೆ. ಹೆಂಡತಿ ಜೈತುನ್ಬೀಗೂ ಪೂರ್ತಿ ಗೊತ್ತಿರಲಿಲ್ಲ. ಅದೃಷ್ಟಕ್ಕೆ ಯಂತ್ರವೂ ಅವನ ಹಾಗೆಯೇ ಸಾವಕಾಶದ್ದು. ಒಂದು ಸಾಲು ಬರೆದು ಮುಗಿಸಿ ತಲೆ ಎತ್ತುವಷ್ಟರಲ್ಲಿ ಮುಂದಿನ ಸಾಲು ಬರುತ್ತಿತ್ತು.

"ಮಶೀನು ವಿಚಾರ ಮಾಡಾಕತ್ತದ ಭಾಯಿ, ಅದಕ್ಕೂ ಟೈಮ್ ಬೇಕಲ್ಲ" ಎನ್ನುತ್ತಿದ್ದ ಪ್ರಾಣೇಶ.

ಆ ಪ್ರೋಗ್ರಾಮು ಬರೆದವನು ಪ್ರಾಣೇಶನೇ. ಪ್ರಯೋಗಶಾಲೆಯ ಲೆಕ್ಕದ ಗುಮಾಸ್ತ, ಚಿಂಚೋಳಿಯ ಕಡೆಯ ವೈಷ್ಣವರ ಹುಡುಗ. ಒಂದು ಪುಸ್ತಕ ತರಿಸಿಕೊಂಡು ತಾನೇ ಕಲಿತು, ಐದು ತಿಂಗಳು ಕೂತು ಬರೆದಿದ್ದ. ಮಶಾಕಸಾಬನ ಮನೆಯಲ್ಲಿ ಅವನು ನೀರೂ ಮುಟ್ಟುತ್ತಿರಲಿಲ್ಲ. ಆದರೆ ಸೀತನಿಯ ದಿನಗಳಲ್ಲಿ ಅವನ ಹೊಲಕ್ಕೆ ಬಂದು, ಹಸಿ ಜೋಳದ ತೆನೆ ಸುಟ್ಟು ಉಜ್ಜಿ ಕೊಟ್ಟರೆ ಬೊಗಸೆಗಟ್ಟಲೆ ತಿನ್ನುತ್ತಿದ್ದ. ಬಯಲಿನ ಬೆಂಕಿಗೆ ಮಡಿಯಿಲ್ಲ ಎಂದು ಅವನೇ ಮಾಡಿಕೊಂಡ ಶಾಸ್ತ್ರ. ಇಬ್ಬರೂ ಹನ್ನೊಂದು ವರ್ಷ ಒಂದೇ ಪಾಳಿಯಲ್ಲಿ ಕೆಲಸ ಮಾಡಿದರು. ಅವನು ಹೋದ ಮೇಲೆ ಮಶಾಕಸಾಬ ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದ.

ಪ್ರಾಣೇಶನ ಜಾಗದಲ್ಲಿ ಅವನ ಹೆಂಡತಿ ಶಾರದಾಬಾಯಿಗೆ ಆರು ತಿಂಗಳ ತಾತ್ಕಾಲಿಕ ಕೆಲಸ ಕೊಟ್ಟಿದ್ದರು. ಮ್ಯಾಟ್ರಿಕ್ ಆದ ಹೆಣ್ಣುಮಗಳು, ಮಕ್ಕಳಿಲ್ಲ. ಕೆಲಸ ಚೆನ್ನಾಗಿ ಮಾಡಿದರೆ ಕಾಯಂ, ಇಲ್ಲವಾದರೆ ಕ್ವಾರ್ಟರ್ಸ್ ಬಿಟ್ಟು ಚಿಂಚೋಳಿಯಲ್ಲಿ ಗುಡಿಯ ಸೇವೆ ಮಾಡಿಕೊಂಡಿದ್ದ ಭಾವನ ಮನೆಗೆ ಹೋಗಬೇಕು. ಆ ಮನೆಗೆ ಹೋಗುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಹೊತ್ತು ಊಟ ಸಿಗುತ್ತಿತ್ತು, ಜೀವ ಇರುವತನಕ ಬೇರೆಯವರ ಒಲೆಯ ಮುಂದೆ ಕೂರಬೇಕಾಗುತ್ತಿತ್ತು. ಮೊದಲ ಸಂಬಳದ ದಿನ ಶಾರದಾಬಾಯಿ, "ಭಾಯಿ, ನಂದೇ ಒಂದು ಕುರ್ಚಿ ಅಂತ ಈ ಜನ್ಮದಾಗ ಇದೇ ಮೊದಲ ನೋಡ್ರಿ" ಎಂದು ನಕ್ಕಿದ್ದಳು. ಗಂಡ ಸತ್ತ ಮೇಲೆ ಆಕೆ ನಕ್ಕಿದ್ದನ್ನು ಮಶಾಕಸಾಬ ನೋಡಿದ್ದು ಅದೇ ಮೊದಲು. ಯಂತ್ರ ಹೇಗೆ ಶುರು ಮಾಡಬೇಕು, ಫ್ಲಾಪಿ ಹೇಗೆ ಹಾಕಬೇಕು ಎಲ್ಲ ಅವನೇ ಕಲಿಸಿದ್ದ. ಅತ್ತಿಗೆಯಂತಿದ್ದ ಈ ವೈನಿಯ ಕೆಲಸ ಉಳಿಯಬೇಕು ಎಂಬುದೊಂದೇ ಆಗ ಅವನ ಮನಸ್ಸಿನಲ್ಲಿದ್ದದ್ದು.

ಹೊಸ ಕಾರ್ಡನ್ನು ಕೂಲಿಗಳು 'ಹೊಸ ಭೇಜಾ', ಅಂದರೆ ಹೊಸ ಮಿದುಳು, ಎಂದು ಕರೆದರು. ಕಾಯಿ ಒಡೆದು, ಕುಂಕುಮ ಹಚ್ಚಿ, ಅದನ್ನು ಯಂತ್ರದ ಹೊಟ್ಟೆಗೆ ಕೂರಿಸಿದ್ದಾಯಿತು. ಮೊದಲು ಪ್ರಾಣೇಶನಿಗೆ ಅಂಕಿ ಒತ್ತುವುದೂ ಸೇರಿ ಹತ್ತೊಂಬತ್ತು ನಿಮಿಷ ಹಿಡಿಯುತ್ತಿತ್ತು. ಹೊಸ ಭೇಜಾ ಬಂದರೆ ಐದೇ ನಿಮಿಷ ಎಂದು ಪ್ರಯೋಗಶಾಲೆಯ ಮುಖ್ಯಸ್ಥ ಮಾಣಿಕಪ್ಪನವರು ಮುಂಬಯಿಯ ದೊಡ್ಡ ಆಫೀಸಿಗೆ ಬರೆದುಕೊಟ್ಟಿದ್ದರು. ಕಾಯಿಯ ಚೂರು ಬಾಯಲ್ಲಿ ಇಟ್ಟುಕೊಂಡು ಎಲ್ಲರೂ ನಿಂತು ನೋಡಿದರು. ಶಾರದಾಬಾಯಿ ಒಂದೇ ಬೆರಳಿನಿಂದ ಅಂಕಿ ಒತ್ತಿದಳು. ಸಾಲುಗಳು ಬಂದವು, ಹಿಂದೆ ಬರುತ್ತಿದ್ದ ಹಾಗೆಯೇ. ಕೊನೆಯ ಸಾಲು ಬಂದಾಗ ಇಪ್ಪತ್ತಮೂರು ನಿಮಿಷ ಆಗಿತ್ತು.

"ಇದೇನ್ರಿ, ಭೇಜಾ ಹೊಸದು, ಮಂದಬುದ್ಧಿ ಹಳೇದೇ" ಎಂದ ಯಾರೋ. ಎಲ್ಲರೂ ನಕ್ಕರು. ಮಾಣಿಕಪ್ಪನವರು ನಗಲಿಲ್ಲ.

ಮರುದಿನದಿಂದ ಮಶಾಕಸಾಬ ಯಂತ್ರದ ಹಿಂದೆ ಬಿದ್ದ. ಸ್ಟೆಬಿಲೈಸರು ನೋಡಿದ, ಕರೆಂಟು ಸರಿಯಾಗಿತ್ತು. ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟಿದ. ಸೈಕಲ್ ಪಂಪಿನಿಂದ ಒಳಗಿನ ಧೂಳು ಹಾರಿಸಿದ. ಹೊಸ ಕಾರ್ಡು ತೆಗೆದು ಹಳೆಯದು ಹಾಕಿ ಕೈಗಡಿಯಾರ ಹಿಡಿದು ಕೂತ; ಹಳೆಯದನ್ನು ತೆಗೆದು ಹೊಸದು ಹಾಕಿ ಮತ್ತೆ ಕೂತ. ಎರಡಕ್ಕೂ ಸಾಲುಗಳು ಒಂದೇ ಗತಿಯಲ್ಲಿ ಬಂದವು. ಹೀಗೆ ಎರಡು ವಾರ. ಯಾವ ಗಡಿಯಾರವೂ ಅವನ ಮುಂದೆ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ. ಅವನಿಗೆ ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ಯಾಕೆಂದರೆ ಅಷ್ಟರಲ್ಲಿ ಜನ ಯಂತ್ರವನ್ನು ಬಿಟ್ಟು ಶಾರದಾಬಾಯಿಯನ್ನು ನೋಡತೊಡಗಿದ್ದರು.

ಅವಳು ನಿಧಾನ, ಅದು ಸುಳ್ಳಲ್ಲ. ಸೊನ್ನೆ ಒತ್ತುವ ಕಡೆ ಇಂಗ್ಲಿಷಿನ ಓ ಅಕ್ಷರ ಒತ್ತುತ್ತಿದ್ದಳು, ಯಂತ್ರ ಮತ್ತೆ ಕೇಳುತ್ತಿತ್ತು. ಪ್ಯಾಕಿಂಗ್ ಕಡೆಯ ಗಂಡಸರು, "ಕುಣೀಲಿಕ್ಕ ಬರಲಾರದಾಕಿ ನೆಲ ಡೊಂಕು ಅಂದಳಂತ" ಎಂದು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು. ಅವಳು ನೆಲ ಡೊಂಕು ಎಂದು ಒಮ್ಮೆಯೂ ಅಂದಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಒತ್ತುತ್ತಿದ್ದಳು.

ಜೈತುನ್ಬೀ ಒಂದು ಸಂಜೆ ಗಂಡನಿಗೆ ಹೇಳಿದಳು: "ಆ ಬಾಯಿ ಮನ್ಯಾಗ ಏನು ಮಾಡಾಕತ್ತಾಳ ನೋಡೀರೇನು? ಹಳೀ ಕ್ಯಾಲೆಂಡರದ ಹಿಂದ ಮಶೀನಿನ ಗುಂಡಿ ಎಲ್ಲಾ ಬರಕೊಂಡು, ಅದರ ಮ್ಯಾಲೆ ಬೆರಳ ಓಡಿಸ್ತಾಳ. ಅನ್ನ ಕುದಿಯೋತನಕ ಒತ್ತತಾಳ, ಸಾರು ಕುದಿಯೋತನಕ ಒತ್ತತಾಳ."

ಹಾಗೆ ಒತ್ತಿ ಒತ್ತಿ ಅವಳು ಇಪ್ಪತ್ತಮೂರನ್ನು ಇಪ್ಪತ್ತೊಂದಕ್ಕೆ ತಂದಳು, ಮಾರ್ಚ್ ಮುಗಿಯುವಷ್ಟರಲ್ಲಿ ಹತ್ತೊಂಬತ್ತಕ್ಕೆ ತಂದಳು. ಗಂಡನ ಕೈಯ ವೇಗ ಅವಳ ಕೈಗೆ ಬಂತು. ಅಲ್ಲಿಂದ ಮುಂದೆ ಒಂದು ನಿಮಿಷವೂ ಇಳಿಯಲಿಲ್ಲ. ಮುಂಬಯಿಯವರಿಗೆ ಬೇಕಾಗಿದ್ದದ್ದು ಐದು.

ಇದರ ನಡುವೆ, ಫೆಬ್ರವರಿಯಲ್ಲೇ, ಕಾರ್ಡು ಮಾರಿದ ಕಂಪನಿಯ ಇಂಜಿನಿಯರ್ ಒಬ್ಬ ಹೈದರಾಬಾದಿನಿಂದ ಬಂದ. ತನ್ನದೇ ಒಂದು ಸಣ್ಣ ಪರೀಕ್ಷೆ ಮಾಡಿದ. ಒಂದರಿಂದ ಲಕ್ಷದವರೆಗೆ ಎಣಿಸು ಎಂದು ಯಂತ್ರಕ್ಕೆ ಹೇಳಿದ. ಹಳೆಯ ಕಾರ್ಡು ಎಣಿಸಲು ಎರಡೂವರೆ ನಿಮಿಷ ತೆಗೆದುಕೊಂಡಿತು, ಹೊಸದು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಅವನು ಕೈ ಕೊಡವಿಕೊಂಡು, ನಮ್ಮ ಮಾಲು ಸರಿಯಿದೆ, ದೋಷ ಇದ್ದರೆ ನಿಮ್ಮ ಪ್ರೋಗ್ರಾಮಿನಲ್ಲಿ ಇರಬೇಕು, ತೆಗೆದು ನೋಡೋಣ ಎಂದು ಕೀಬೋರ್ಡಿಗೆ ಕೈ ಹಾಕಿದ.

ಶಾರದಾಬಾಯಿ ಎದ್ದು ನಿಂತಳು. "ಅದಕ್ಕ ಕೈ ಹಚ್ಚಬ್ಯಾಡ್ರಿ."

"ಯಾಕಮ್ಮಾ?" ಎಂದರು ಮಾಣಿಕಪ್ಪನವರು.

"ಅದು ಅವರ ಬರವಣಿಗಿ ರಿ. ವರ್ಷದ ಶ್ರಾದ್ಧ ಆಗೋತನಕ ಮನ್ಯಾಗ ಅವರ ಪೆನ್ನು ಸುದ್ದಾ ನಾ ಜಾಗಾ ಬಿಟ್ಟು ಸರಿಸಿಲ್ಲ. ಕೈ ಮುಗಿತೀನಿ, ಅದನ್ನ ಬಿಚ್ಚಬ್ಯಾಡ್ರಿ." ಹಾಗೆ ಹೇಳುತ್ತ ಅವಳು ಮಶಾಕಸಾಬನ ಕಡೆ ತಿರುಗಿ ನೋಡಿದಳು.

ಇಷ್ಟು ಸಾಕಾಯಿತು ನಮ್ಮ ಮಶಾಕಸಾಬನಿಗೆ. ಗೆಳೆಯನ ಹೆಸರು ಬಂದರೆ ಅವನ ಮೀಸೆ ಕುಣಿಯುತ್ತಿತ್ತು. ಎರಡು ಹೆಜ್ಜೆ ಮುಂದೆ ಬಂದು ಯಂತ್ರಕ್ಕೂ ಇಂಜಿನಿಯರನಿಗೂ ನಡುವೆ ನಿಂತ. "ಸಾಹೇಬ್ರ, ಪ್ರಾಣೇಶನ ಕೆಲಸದಾಗ ತಪ್ಪು ಹುಡುಕೋದಾ? ಇದ್ದಾಗ ಹುಡುಕಿದ್ರ ಅವ ಜವಾಬು ಕೊಡ್ತಿದ್ದ. ಮಣ್ಣಾದವ ಎಲ್ಲಿಂದ ಬಂದು ಜವಾಬು ಕೊಡಬೇಕು? ನಮ್ಮ ಕಡಿ ಸತ್ತವರ ಐಬು ತೆಗಿಯಂಗಿಲ್ಲ. ಅವನ ಬರವಣಿಗಿ ಸೋಳಾ ಆಣೆ ಖರೇ ಅದ, ನಾ ಬೇಕಾದ್ರ ಕಸಮ್ ತಿಂತೀನಿ."

ಮಾಣಿಕಪ್ಪನವರಿಗೂ ಪ್ರಾಣೇಶನ ಮೇಲೆ ಪ್ರೀತಿ ಇತ್ತು. ಇರುವುದು ಒಂದೇ ಫ್ಲಾಪಿ, ಅದು ಹಾಳಾದರೆ ಕಾರ್ಖಾನೆಯೇ ನಿಲ್ಲುತ್ತದೆ ಎಂಬ ಹೆದರಿಕೆ ಬೇರೆ. ಇಂಜಿನಿಯರ್ ಹೆಗಲು ಕುಣಿಸಿ ರೈಲಿಗೆ ಹೋದ. ಎರಡು ಮನೆಯ ಸಂಪ್ರದಾಯಗಳು ಸೇರಿ ಒಂದು ಬಾಗಿಲಿಗೆ ಅಗಳಿ ಹಾಕಿದವು. ಕೀಲಿಕೈ ಆ ಬಾಗಿಲ ಒಳಗೇ ಇತ್ತು.

ಏಪ್ರಿಲ್ ಕೊನೆಗೆ ಮುಂಬಯಿಯಿಂದ ಕಡಕ್ ಪತ್ರ ಬಂತು: ವೇಗ ಯಾಕೆ ಬಂದಿಲ್ಲ, ಕಾರಣ ಬರೆದು ಕಳಿಸಿ. ಮಾಣಿಕಪ್ಪನವರು ಮಶಾಕಸಾಬನನ್ನು ಕರೆದು ಕೂರಿಸಿದರು. ಹೊರಗೆ ಬಿಸಿಲು ಕಲ್ಲು ಸುಡುತ್ತಿತ್ತು.

"ನೋಡು ಮಶಾಕಸಾಬ. ಮಶೀನು, ಬರವಣಿಗಿ, ಕೈ, ಇರೋವು ಮೂರೇ. ಮಶೀನು ಸರಿ ಅದ ಅಂತ ಹೈದರಾಬಾದಿನವ ಬರದುಕೊಟ್ಟಾನ. ಬರವಣಿಗಿ ಸರಿ ಅದ ಅಂತ ನೀ ಕಸಮ್ ತಿಂದಿ. ಇನ್ನ ಉಳಿದದ್ದು ಯಾವುದು?"

ಮಶಾಕಸಾಬ ಮೂರು ಬೆರಳು ಮಡಿಚಿ ಎಣಿಸಿದ. ಲೆಕ್ಕ ಸರಿಯಾಗಿತ್ತು. ಅವಳು ಶುರು ಮಾಡುವಾಗಲೇ ಏನೋ ತಪ್ಪು ಒತ್ತುತ್ತಾಳೆ, ಅದಕ್ಕೇ ಯಂತ್ರ ಮುನಿಸಿಕೊಂಡಿದೆ ಎಂದು ಅವನಿಗೂ ಈಚೆಗೆ ಅನ್ನಿಸತೊಡಗಿತ್ತು. ಓ ಒತ್ತಿದ್ದನ್ನು ಅವನು ಕಣ್ಣಾರೆ ಕಂಡಿರಲಿಲ್ಲವೇ?

"ಆಕಿನ್ನ ಮನಿಗೆ ಕಳಸಂಗಿಲ್ಲಲ್ಲ ಸಾಹೇಬ್ರ?"

"ಛೇ, ಟಪಾಲು ಕಡಿ ಹಾಕ್ತೀನಿ ತಗೋ. ಇಲ್ಲಿಗೆ ಕಲಬುರ್ಗಿಯಿಂದ ಟ್ರೇನಿಂಗ್ ಆದವನ್ನ ತರ್ಸೋಣ."

ಮಶಾಕಸಾಬ ಸಹಿ ಮಾಡಿದ. 'ಯಂತ್ರದಲ್ಲಿ ದೋಷವಿಲ್ಲ. ನಡೆಸುವವರ ಕೈ ನಿಧಾನ' ಎಂಬ ಎರಡು ಸಾಲಿನ ಕೆಳಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಹಿಯ ಮಾತಂತೂ ಕೇಳುವುದೇ ಬೇಡ. ಟಪಾಲಿನ ಕಡೆ ಜಾಗ ಇಲ್ಲವೆಂದು ಮುಂಬಯಿಯವರು ಒಂದೇ ಸಾಲಿನಲ್ಲಿ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದು ಎಲ್ಲರೂ ತಮ್ಮ ತಮ್ಮ ಕುರ್ಚಿಗೆ ಹೋಗಿ ಕೂತರು. ಶಾರದಾಬಾಯಿಯ ಕುರ್ಚಿ ಮಾತ್ರ ಹೋಯಿತು.

ಅವಳು ಕ್ವಾರ್ಟರ್ಸ್ ಬಿಟ್ಟ ದಿನ ಮಶಾಕಸಾಬ ಟ್ರಂಕು ಹೊರಲು ಹೋಗಿದ್ದ. ಅವಳು ಜೈತುನ್ಬೀಯ ಕೈ ಹಿಡಿದು ಅತ್ತಳು. ಪಕ್ಕದ ಮನೆಯವರಿಗೆಲ್ಲ ಹೋಗಿ ಬರುತ್ತೇನೆ ಎಂದಳು. ಅವನಿಗೆ ಏನೂ ಅನ್ನಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ಸಹಿಯ ಸುದ್ದಿ ತಲುಪಿದೆ, ಸಿಟ್ಟು ನ್ಯಾಯವೇ ಎಂದುಕೊಂಡ. ಬಸ್ಸು ಚಿತ್ತಾಪುರದ ರಸ್ತೆಗೆ ತಿರುಗುವತನಕ ಅಲ್ಲೇ ನಿಂತಿದ್ದ. ಮನೆಗೆ ಬಂದ ಮೇಲೆ ಜೈತುನ್ಬೀ ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ.

ಕಲಬುರ್ಗಿಯಿಂದ ತಮ್ಮಣ್ಣ ಬಂದ. ಮೂವತ್ತರ ಆಳು, ಸರ್ಟಿಫಿಕೇಟು ಇದ್ದವನು, ಹತ್ತೂ ಬೆರಳಲ್ಲಿ ಒತ್ತುವವನು. ಮೊದಲ ದಿನವೇ ಟಕಟಕ ಅಂಕಿ ಒತ್ತಿ ಕಾಲ ಮೇಲೆ ಕಾಲು ಹಾಕಿ ಕೂತ. ಮಶಾಕಸಾಬ ಪಕ್ಕದಲ್ಲಿ ರಿಜಿಸ್ಟರು ಹಿಡಿದು ಕೂತ. ಸಾಲುಗಳು ಬಂದವು. ಹದಿನೇಳೂವರೆ ನಿಮಿಷ.

ಮಶಾಕಸಾಬ ಆ ಅಂಕಿಯನ್ನು ರಿಜಿಸ್ಟರಿನ ಅಂಚಿಗೆ ಬರೆದು ಅದನ್ನೇ ನೋಡಿದ. ಸರ್ಟಿಫಿಕೇಟಿನ ಕೈಗೂ ಹದಿನೇಳೂವರೆ ಆದರೆ, ಕ್ಯಾಲೆಂಡರಿನ ಬೆನ್ನ ಮೇಲೆ ಕಲಿತ ಕೈಯದು ಏನು ತಪ್ಪಿತ್ತು?

ನಾಲ್ಕನೇ ದಿನ ತಮ್ಮಣ್ಣ ಮಾಣಿಕಪ್ಪನವರನ್ನು ಕೇಳಿ, ಮೊದಲು ಇನ್ನೊಂದು ಫ್ಲಾಪಿಗೆ ನಕಲು ಮಾಡಿಕೊಳ್ಳುವುದನ್ನೂ ಮರೆತು, ಪ್ರೋಗ್ರಾಮು ತೆಗೆದ. ಈ ಸಲ ಮಶಾಕಸಾಬ ಅಡ್ಡ ನಿಲ್ಲಲಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಮೇಲಿಂದ ಕೆಳಗೆ ಹರಿದವು. ಒಂದು ಕಡೆ ತಮ್ಮಣ್ಣ ಬೆರಳು ನಿಲ್ಲಿಸಿ ಜೋರಾಗಿ ನಕ್ಕ.

"ಇಲ್ಲಿ ನೋಡ್ರಿ ತಮಾಷೆ! ಒಂದು ಸಾಲು ತೋರಿಸಿದ ಮ್ಯಾಲೆ ಇಪ್ಪತ್ತನಾಕು ಸೆಕೆಂಡು ಸುಮ್ನ ಕುಂದ್ರು ಅಂತ ಬರದಾರ. ಗಡಿಯಾರ ನೋಡಿ ಕುಂದ್ರತದ ಅದು. ನೀವು ರಾವಣನ ಹತ್ತು ತಲೆ ತಂದು ಹಾಕ್ರಿ, ಆದ್ರೂ ಅಷ್ಟೇ ಹೊತ್ತು ಕುಂದ್ರತದ. ನಲವತ್ತು ಸಾಲಿಗೆ ಹದಿನಾರು ನಿಮಿಷ ನಿದ್ದಿ! ಯಾಕ ಹಂಗ ಬರದಾರ ಪುಣ್ಯಾತ್ಮರು?" ಅವನು ಪರದೆಯ ಹತ್ತಿರ ಬಗ್ಗಿದ. "ಕಾರಣಾನೂ ಬರದಾರ. ಅಕ್ಷರ ಇಂಗ್ಲಿಷು, ಮಾತು ಕನ್ನಡ. 'ಮಶಾಕ ಬರಕೊಳ್ಳಲಿ. ಅವಸರ ಇಲ್ಲ.' ಮಶಾಕ ಅಂದ್ರ ಯಾರ್ರಿ?"

ಮಶಾಕಸಾಬನ ಕೈಯಲ್ಲಿ ಪೆನ್ನು ಇತ್ತು. ಬಂದು ನಾಲ್ಕು ದಿನವಾದವನಿಗೆ ಅವನ ಹೆಸರು ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರೂ ಅವನನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ತಮ್ಮಣ್ಣ ಆ ಸಾಲುಗಳನ್ನು ಅಳಿಸಿ ಹಾಕಿ ಫ್ಲಾಪಿಗೆ ಉಳಿಸಿದ. ಮತ್ತೆ ಓಡಿಸಿದ. ನಲವತ್ತು ಸಾಲು ಸರಸರನೆ ಪರದೆಯ ಮೇಲೆ ಏರಿ ಹೋದವು. ಮಶಾಕಸಾಬನಿಗೆ ಮೊದಲ ಅಂಕಿಯನ್ನೂ ಓದಿಕೊಳ್ಳಲಾಗಲಿಲ್ಲ.

ಹನ್ನೊಂದು ವರ್ಷ ಪಕ್ಕದಲ್ಲಿ ಕೂತ ಪ್ರಾಣೇಶ ಅವನ ತುಟಿ ಅಲ್ಲಾಡುವುದನ್ನು ನೋಡಿದ್ದ, ಜೇಬಿನ ಪುಸ್ತಕವನ್ನು ನೋಡಿದ್ದ. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಬಹುಶಃ ಗಡಿಯಾರ ಇಟ್ಟುಕೊಂಡು ಅವನ ಒಂದು ಸಾಲಿಗೆ ಎಷ್ಟು ಹೊತ್ತು ಬೇಕೆಂದು ಅಳೆದೂ ಇದ್ದ. ಆಮೇಲೆ ಯಂತ್ರಕ್ಕೆ ಕಾಯಲು ಕಲಿಸಿ, ಮಶೀನು ವಿಚಾರ ಮಾಡಾಕತ್ತದ ಎಂದು ಸುಳ್ಳು ಹೇಳಿ, ಆ ಸುಳ್ಳನ್ನು ತನ್ನ ಜೊತೆ ಸುಡುಗಾಡಿಗೆ ಒಯ್ದಿದ್ದ. ಹೊಸ ಕಾರ್ಡು ಬಂದ ಮೇಲೆ ಏನು ಮಾಡಬೇಕೆಂದಿದ್ದನೋ, ಮೆಲ್ಲಗೆ ಒಬ್ಬನೇ ಇದ್ದಾಗ ಅವನಿಗೆ ಹೇಳಬೇಕೆಂದಿದ್ದನೋ ಯಾರಿಗೆ ಗೊತ್ತು. ಮಶಾಕಸಾಬ ಪಂಪಿನ ಮನೆಯ ಹಿಂದೆ ಹೋಗಿ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತ.

ಆಮೇಲೆ ನೆಟ್ಟಗೆ ಮಾಣಿಕಪ್ಪನವರ ಹತ್ತಿರ ಹೋಗಿ ಎಲ್ಲ ಹೇಳಿದ. ತನ್ನ ನಾಲ್ಕನೇ ಇಯತ್ತೆಯನ್ನೂ ಹೇಳಿದ. "ಆಕಿನ್ನ ತಿರುಗಿ ಕರೀರಿ ಸಾಹೇಬ್ರ. ಬೇಕಾದ್ರ ನನ್ನ ನೌಕರಿ ತೆಗೀರಿ."

ಮಾಣಿಕಪ್ಪನವರು ಬಹಳ ಹೊತ್ತು ಕನ್ನಡಕ ಒರೆಸಿದರು. "ತಮ್ಮಣ್ಣನ ಆರ್ಡರು ಬಂದಾಗ್ಯಾದ. ನಾವು ಕಳಿಸಿದ ಕಾಗದ ತಿರುಗಂಗಿಲ್ಲ. ಅದರ ಮ್ಯಾಲೆ ನಿನ್ನ ಸಹಿನೇ ಅದ, ನಂದೂ ಅದ. ಓದಾಕ ತಡಾ ಆಗ್ತದ ಅಂತ ಒಂದು ದಿನ ಅಂದಿದ್ರ ಏನಾಗ್ತಿತ್ತೋ ಮಾರಾಯಾ?"

ಮಶಾಕಸಾಬ ರಜೆ ಹಾಕಿ ಮರುದಿನ ಬೆಳಿಗ್ಗೆಯೇ ಹೊರಟ. ಕಾರ್ಖಾನೆಯಿಂದ ಚಿತ್ತಾಪುರ, ಅಲ್ಲಿಂದ ಸೇಡಂ, ಸೇಡಂನಲ್ಲಿ ಬಸ್ಸು ಬದಲಿಸಿ ಚಿಂಚೋಳಿ. ಮೃಗಶಿರೆಯ ಮೊದಲ ಮಳೆ ಬಿದ್ದು ಹೊಲಗಳಲ್ಲಿ ಜನ ಇದ್ದರು. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಹೊಂದಿಸಿಕೊಂಡ: ವೈನಿ, ನಿಮ್ಮ ಕೈದು ತಪ್ಪಿರಲಿಲ್ಲ, ತಪ್ಪು ನನ್ನ ಸಲುವಾಗಿ ಇತ್ತು, ನನಗ ಗೊತ್ತಿರಲಿಲ್ಲ, ಮಾಫ್ ಮಾಡ್ರಿ. ಮಾಫಿ ಸಿಗದಿದ್ದರೂ ಗೊತ್ತಿರಲಿಲ್ಲ ಎಂಬುದೊಂದಾದರೂ ಅವಳ ಕಿವಿಗೆ ಬೀಳಲಿ ಎಂಬ ಆಸೆ ಅವನಿಗಿತ್ತು.

ಗುಡಿಯ ಹಿಂದಿನ ಮನೆ. ಶಾರದಾಬಾಯಿ ಹಿತ್ತಲಿನಿಂದ ಸೆರಗಿಗೆ ಕೈ ಒರೆಸುತ್ತ ಬಂದು ಹೊಸ್ತಿಲ ಒಳಗೇ ನಿಂತಳು. ಒಂದೇ ತಿಂಗಳಲ್ಲಿ ಮುಖ ಇಳಿದುಹೋಗಿತ್ತು. ಕೈಯ ಮೇಲೆ ಎಣ್ಣೆ ಸಿಡಿದ ಹೊಸ ಕಲೆಗಳಿದ್ದವು. ಕುಂದ್ರಿ ಅನ್ನಲಿಲ್ಲ.

"ವೈನಿ, ಪ್ರಾಣೇಶನ ಪ್ರೋಗ್ರಾಮು ತೆಗೆದು ನೋಡಿದ್ವಿ" ಎಂದು ಅವನು ಶುರು ಮಾಡಿದ.

"ಕಡೀಕ ತೆಗೆದ್ರಾ?" ಎಂದಳು ಅವಳು. ಆಶ್ಚರ್ಯವಿಲ್ಲದ ಧ್ವನಿ. "ನಿಮ್ಮ ಹೆಸರು ನೋಡಿರಬೇಕಲ್ಲ."

ಮಶಾಕಸಾಬ ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟ.

"ಆ ಪ್ರೋಗ್ರಾಮು ಮುಗಿಸಿದ ದಿನಾನೇ ಅವರು ಮನಿಗೆ ಬಂದು ಹೇಳಿದ್ರು. 'ಮಶಾಕಗ ಓದಾಕ ತಡಾ ಆಗ್ತದ ಶಾರದಾ, ಅವಗ ನಾಚಿಕಿ ಆಗಬಾರದು, ಅದಕ್ಕ ಮಶೀನಿಗೇ ತಡಾ ಮಾಡಂತ ಹೇಳೀನಿ. ಈ ಮಾತು ನಮ್ಮ ಮನಿ ಹೊಸ್ತಿಲ ದಾಟಬಾರದು' ಅಂದ್ರು. ನಾ ದೇವರ ಮುಂದ ಆಣಿ ಮಾಡೀನಿ." ಅವಳು ಉಸಿರು ಎಳೆದುಕೊಂಡಳು. "ಹೈದರಾಬಾದಿನವ ಅದನ್ನ ಬಿಚ್ಚಾಕ ಹೋದಾಗ ಅಷ್ಟು ಜನದಾಗ ನಿಮ್ಮ ಮರ್ಯಾದಿ ಹೋಗ್ತದ ಅಂತ ಅಡ್ಡ ನಿಂತೆ. ಶ್ರಾದ್ಧದ ನೆವ ಹೇಳಿದೆ. ನೀವೂ ಬಂದು ನನ್ನ ಪಕ್ಕಕ್ಕ ನಿಂತ್ರಿ. ಆಗ ಅನಕೊಂಡೆ, ಭಾಯಿಗೂ ಗೊತ್ತದ, ಇವತ್ತ ನಾಚಕೊಂಡಾರ, ನಾಳಿಗೆ ತಾವೇ ಹೋಗಿ ಸಾಹೇಬ್ರಿಗೆ ಹೇಳ್ತಾರ ಅಂತ. ಎರಡೂವರಿ ತಿಂಗಳು ಕಾದೆ. ದಿನಾ ನೀವು ಪಕ್ಕದಾಗ ಕುಂತು ಬರಕೊಳ್ಳೋದು ನೋಡಿಕೋತ ಕಾದೆ. ನೀವು ಹೋಗಿ ನನ್ನ ಕೈ ನಿಧಾನ ಅಂತ ಸಹಿ ಮಾಡಿದ್ರಿ."

ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಬಂದೆ ಎಂದಳು, ಹೋಗಲಿಲ್ಲ.

"ಒಂದೊಂದು ಸಲ ಇಲ್ಲಿ ಭಾಂಡಿ ತಿಕ್ಕುವಾಗ ಅನಸ್ತದ, ಖರೇನೇ ನಿಮಗ ಗೊತ್ತಿರಲಿಲ್ಲೇನೋ ಅಂತ. ಹಂಗಿದ್ರ ನಾ ಒಂದು ಮಾತು ಹೇಳಿಬಿಟ್ಟಿದ್ರ ಆಗ್ತಿತ್ತಲ್ಲ, ನಿಮ್ಮನ್ನ ಬಾಜೂಕ ಕರದು ಒಂದೇ ಒಂದು ಮಾತು. ನಾನೇ ಬಾಯಿ ಮುಚಗೊಂಡು ನನ್ನ ಬಾಳೇ ಹಾಳು ಮಾಡಿಕೊಂಡೆ ಅಂತ ತಲಿ ಕೆಟ್ಟು ಹೋಗ್ತದ. ಖರೇ ಹೇಳ್ರಿ ಭಾಯಿ. ನಿಮಗ ಗೊತ್ತಿತ್ತೋ ಇಲ್ಲೋ?"

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಗೊತ್ತಿರಲಿಲ್ಲ ವೈನಿ. ಅದು ದೇವರಾಣೆಗೂ ಸತ್ಯ. ಅದನ್ನು ಹೇಳಿದರೆ ಅವನ ಎದೆ ಹಗುರಾಗುತ್ತಿತ್ತು. ಅವಳ ಎದೆಗೆ ಮಾತ್ರ ಒಂದು ಕಲ್ಲು ಬೀಳುತ್ತಿತ್ತು, ಈ ಮನೆಯ ಭಾಂಡಿ ತಿಕ್ಕುತ್ತ ತಿಕ್ಕುತ್ತ ಸಾಯುವತನಕ ಅವಳು ಅದನ್ನು ಹೊರಬೇಕಿತ್ತು: ಒಂದು ಮಾತು ಆಡಿದ್ದರೆ ಸಾಕಾಗಿತ್ತು, ಆಡಲಿಲ್ಲ. ಗಂಡನಿಗೆ ಕೊಟ್ಟ ಆಣೆಯನ್ನು ಉಳಿಸಿಕೊಂಡದ್ದೇ ತಪ್ಪಾಯಿತು ಎಂದು ಅವಳಿಗೆ ಅನ್ನಿಸುತ್ತಿತ್ತು. ಮಶಾಕಸಾಬ ಅವಳ ಕೈಯ ಸುಟ್ಟ ಕಲೆಗಳನ್ನು ನೋಡಿದ.

"ಗೊತ್ತಿತ್ತು ವೈನಿ" ಎಂದ. "ಮೊದಲಿಂದಾನೂ ಗೊತ್ತಿತ್ತು. ನಾಚಿಕಿ ಆತು, ಹೇಳಲಿಲ್ಲ. ನೀವು ಹೇಳಿದ್ರೂ ನಾ ಒಪ್ಪತಿದ್ದಿಲ್ಲ. ಸುಳ್ಳು ಅಂತಿದ್ದೆ."

ಶಾರದಾಬಾಯಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಬಿಗಿಯಾಗಿದ್ದದ್ದು ಏನೋ ಸಡಿಲವಾಯಿತು. ಆಮೇಲೆ ಆ ಮುಖ ಮುಚ್ಚಿಕೊಂಡಿತು.

"ಅವರು ನಿಮ್ಮನ್ನ ಅಣ್ಣ ಅಂತ ತಿಳಿದಿದ್ರು" ಎಂದಳು. "ಹೋಗ್ರಿ. ಮತ್ತ ಈ ಮನಿ ಕಡಿ ಬರಬ್ಯಾಡ್ರಿ."

ಅವಳು ಬಾಗಿಲು ಹಾಕಿಕೊಂಡಳು. ಮಶಾಕಸಾಬ ಗುಡಿಯ ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಬಸ್ ನಿಲ್ದಾಣಕ್ಕೆ ನಡೆದ.

ಸೇಡಂ ಬಸ್ಸಿನಲ್ಲಿ ಅವನಿಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕ ರುಮಾಲಿನ ತುದಿಯಿಂದ ಅವನ ಬೆನ್ನ ಮೇಲಿನ ನೊಣ ಓಡಿಸಿ ಕೇಳಿದ: "ಯಾರರ ತೀರಕೊಂಡ್ರೇನ್ರಿ?"

"ಹೌದ್ರಿ. ನಮ್ಮ ದೋಸ್ತ."

"ಯಾವಾಗ?"

ಎಂಟು ತಿಂಗಳಾಯಿತು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಇವತ್ತ ರಿ" ಎಂದ.